ಹಂಪಿಗೆ ಹೋಗುವ ಮುಂಚೆ ಮಸ್ಕಿಯಲ್ಲಿ ಇಳಿಯಿರಿ

ನಮ್ಮ ಲಿಂಗಸುಗೂರು ಕಡೆ ಶಾಲಾ ಪ್ರವಾಸ ಅಂದರೆ ಹಂಪಿ. ನಸುಕಿನಲ್ಲಿ ಬಸ್ಸು ಹತ್ತಿ, ಮಸ್ಕಿ ದಾಟಿ, ಸಿಂಧನೂರು ದಾಟಿ, ಗಂಗಾವತಿ ಮೇಲೆ ಹಂಪಿ ಸೇರುವುದು. ನಾನೂ ಏಳನೇ ತರಗತಿಯಲ್ಲಿ ಹಾಗೇ ಹೋದವನು. ಮಸ್ಕಿಯಲ್ಲಿ ಬಸ್ಸು ಚಹಾಕ್ಕೆ ನಿಂತಾಗ ಒಬ್ಬ ಹುಡುಗ ಕೇಳಿದ, "ಸರ್, ಅಶೋಕನ ಶಾಸನ ಇಲ್ಲೇ ಐತಲ್ರಿ?" ಸರ್ ಗಡಿಯಾರ ನೋಡಿಕೊಂಡು, "ಹೌದಪ್ಪ, ಬರುವಾಗ ನೋಡೋಣ" ಅಂದರು. ಬರುವಾಗ ರಾತ್ರಿ ಹನ್ನೊಂದಾಗಿತ್ತು. ಎಲ್ಲರಿಗೂ ನಿದ್ದೆ. ಆ ಕಲ್ಲು ನೋಡಲು ನನಗೆ ಮತ್ತೆ ಹತ್ತು ವರ್ಷ ಹಿಡಿಯಿತು.

ಹಂಪಿ ಬೇಡ ಅನ್ನುತ್ತಿಲ್ಲ. ಆದರೆ ವಿಜಯನಗರ ಹುಟ್ಟುವುದಕ್ಕೆ ಸುಮಾರು 1,600 ವರ್ಷ ಮುಂಚಿನ ಬರಹ ನಮ್ಮ ದಾರಿಯಲ್ಲೇ ಇದೆ. ಅದನ್ನು ಬಿಟ್ಟು ಮುಂದೆ ಹೋಗುತ್ತೇವಲ್ಲ, ಅದು ನನಗೆ ಸರಿ ಕಾಣುವುದಿಲ್ಲ.

ಕಲ್ಲಿನ ಕಥೆ ಹೀಗಿದೆ. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಎಂಬ ಇಂಗ್ಲಿಷ್ ಅಧಿಕಾರಿ ಬ್ರಾಹ್ಮಿ ಲಿಪಿಯನ್ನು ಓದುವ ದಾರಿ ಕಂಡುಕೊಂಡ. ದೇಶದ ತುಂಬ ಇದ್ದ ಕಂಬಗಳ, ಬಂಡೆಗಳ ಬರಹ ಮಾತಾಡತೊಡಗಿತು. ಆದರೆ ಅವುಗಳಲ್ಲಿ ಇದ್ದದ್ದು 'ದೇವಾನಂಪಿಯ', 'ಪಿಯದಸಿ' ಎಂಬ ಬಿರುದುಗಳು ಮಾತ್ರ. ದೇವರಿಗೆ ಪ್ರಿಯನಾದವನು ಎಂದರೆ ಯಾವ ರಾಜ? ಶ್ರೀಲಂಕಾದ ಹಳೆಯ ಗ್ರಂಥಗಳನ್ನು ನೋಡಿ, ಇವನೇ ಅಶೋಕ ಇರಬೇಕು ಎಂದು ಪಂಡಿತರು ಹೇಳಿದರು. ಕಲ್ಲಿನ ಸಾಕ್ಷಿ ಮಾತ್ರ ಸಿಕ್ಕಿರಲಿಲ್ಲ.

ಅದು ಸಿಕ್ಕಿದ್ದು ಮಸ್ಕಿಯಲ್ಲಿ, 1915ರ ಜನವರಿ 27ರಂದು. ಆಗ ಈ ಸೀಮೆ ಹೈದರಾಬಾದ್ ನಿಜಾಮನದು. ಸಿ. ಬೀಡನ್ ಎಂಬ ಗಣಿ ಎಂಜಿನಿಯರ್ ಚಿನ್ನ ಹುಡುಕುತ್ತ ಬಂದವನು ಗುಡ್ಡದ ಬಂಡೆಯ ಮೇಲೆ ಅಕ್ಷರ ಕಂಡ. ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಓದಿ ಅದೇ ವರ್ಷ ಪ್ರಕಟಿಸಿದರು. ಮೊದಲ ಸಾಲಿನಲ್ಲೇ ಬಿರುದಿನ ಪಕ್ಕದಲ್ಲಿ ರಾಜನ ಹೆಸರೂ ಇತ್ತು: 'ದೇವಾನಂಪಿಯಸ ಅಸೋಕಸ'. ಮುಂದೆ ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉಡೇಗೋಳ ಮತ್ತು ಮಧ್ಯಪ್ರದೇಶದ ಗುಜರ್ರಾದಲ್ಲೂ ಅಶೋಕನ ಹೆಸರಿರುವ ಶಾಸನ ದೊರೆತವು. ಮೊದಲು ಹೇಳಿದ್ದು ಮಾತ್ರ ಮಸ್ಕಿಯ ಕಲ್ಲು.

ಈಗ ನೋಡುವ ಬಗೆ. ಬಿಸಿಲು ಏರುವ ಮುಂಚೆ ಹೋಗಿ. ನವೆಂಬರಿನಿಂದ ಫೆಬ್ರವರಿ ಒಳ್ಳೆಯ ಕಾಲ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಜಿಲ್ಲೆಯ ಬಂಡೆ ಹಂಚಿನಂತೆ ಕಾಯುತ್ತದೆ. ನೀರಿನ ಬಾಟ್ಲಿ ಇಟ್ಟುಕೊಳ್ಳಿ. ದೊಡ್ಡ ಕಂಬ, ಗೋಪುರ ಇರುತ್ತದೆ ಎಂದು ಹೋದರೆ ನಿರಾಸೆ ಆಗುತ್ತದೆ. ಇರುವುದು ಬಂಡೆಗಳ ನಡುವೆ ಸವೆದ ಬರಹ. ಕೆಲವು ಕಡೆ ಕಲ್ಲು ಚಕ್ಕೆ ಎದ್ದು ಅಕ್ಷರವೇ ಇಲ್ಲ.

ಮೊಬೈಲ್ ಟಾರ್ಚನ್ನು ನೇರವಾಗಿ ಹಿಡಿದರೆ ಏನೂ ಕಾಣದು. ಪಕ್ಕಕ್ಕೆ ನಿಂತು, ಬೆಳಕು ಕಲ್ಲಿನ ಮೈ ಸವರುವ ಹಾಗೆ ಓರೆಯಾಗಿ ಬಿಡಿ. ಗೆರೆಗಳಲ್ಲಿ ನೆರಳು ಬಿದ್ದು ಅಕ್ಷರ ಎದ್ದು ಬರುತ್ತವೆ. ಮೊದಲ ಸಾಲಿನಲ್ಲಿ ಲೆಕ್ಕದ ಕೂಡಿಸುವ ಗುರುತಿನಂಥ ಅಕ್ಷರ ಹುಡುಕಿ. ಅದು ಬ್ರಾಹ್ಮಿಯ 'ಕ', ಅಶೋಕನ ಹೆಸರಿನ 'ಕ'. ನಾವು ಇವತ್ತು ಬರೆಯುವ ಕನ್ನಡದ 'ಕ' ಇದರಿಂದಲೇ ಬದಲಾಗುತ್ತ ಬಂದದ್ದು. ಗುಡಿಸಲ ಮಾಡಿನ ಹಾಗೆ ಕಂಡರೆ 'ಗ', ನೆಲದ ಮೇಲೆ ನಿಲ್ಲಿಸಿದ ಗೂಟದ ಹಾಗೆ ಕಂಡರೆ 'ನ'. ಮಕ್ಕಳಿಗೆ ಇಷ್ಟು ಹೇಳಿಕೊಟ್ಟು ಕರೆದೊಯ್ದರೆ ಸಾಕು, ಅವರೇ ಹುಡುಕುತ್ತಾರೆ. ಭಾಷೆ ಮಾತ್ರ ಕನ್ನಡ ಅಲ್ಲ, ಪ್ರಾಕೃತ.

ಏನು ಬರೆದಿದೆ? ನಾನು ಬುದ್ಧನ ಅನುಯಾಯಿಯಾಗಿ ಎರಡೂವರೆ ವರ್ಷ ಆಯಿತು, ಸಂಘದ ಹತ್ತಿರ ಬಂದ ಮೇಲೆ ಹೆಚ್ಚು ಶ್ರಮ ಪಡುತ್ತಿದ್ದೇನೆ ಎಂದು ರಾಜ ಹೇಳಿಕೊಳ್ಳುತ್ತಾನೆ. ಧರ್ಮದ ಫಲ ದೊಡ್ಡವರಿಗೆ ಮಾತ್ರ ಸಿಗುವುದಲ್ಲ, ಸಣ್ಣವರಿಗೂ ಸಿಗುತ್ತದೆ, ಇದನ್ನು ಸಣ್ಣವರಿಗೂ ದೊಡ್ಡವರಿಗೂ ತಿಳಿಸಿ ಎನ್ನುತ್ತಾನೆ. ನಾನು ಹೋದ ದಿನ ಹೊಲದ ಕೆಲಸಕ್ಕೆ ಹೊರಟಿದ್ದ ಅಜ್ಜಿಯೊಬ್ಬಳು ನಿಂತು ಕೇಳಿದಳು, "ಏನ್ ಬರದಾರಪ್ಪ ಇದರಾಗ?" ಹೇಳಿದೆ. "ಹಂಗಾದ್ರ ನಮ್ಮ ಸಲುವಾಗೇ ಬರಸ್ಯಾನ ಬಿಡು" ಅಂದು ಬುತ್ತಿ ಗಂಟು ಸರಿಮಾಡಿಕೊಂಡು ಹೋದಳು.

ಅಕ್ಷರ ಕಾಣಲಿಲ್ಲ ಎಂದು ಸುಣ್ಣ, ಇದ್ದಿಲು, ನೀರು ಹಚ್ಚಬೇಡಿ. ಅಂಥ ಒಂದೊಂದು ಉಜ್ಜಿಗೂ ಕಲ್ಲು ಸವೆಯುತ್ತದೆ. ಪ್ರೀತಿಸಿದವರ ಹೆಸರು ಕೆತ್ತುವವರಿಗೂ ಒಂದು ಮಾತು: ಇದು ಭಾರತೀಯ ಪುರಾತತ್ವ ಸರ್ವೇಕ್ಷಣೆಯ ರಕ್ಷಣೆಯಲ್ಲಿರುವ ಸ್ಮಾರಕ. ಕೆಡಿಸಿದರೆ ಎರಡು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.

ಕಲ್ಲು ನೋಡಿ ಕೂಡಲೇ ಬಸ್ ಸ್ಟ್ಯಾಂಡಿಗೆ ಓಡಬೇಡಿ. ಗುಡ್ಡ ಹತ್ತಿ ಮಲ್ಲಿಕಾರ್ಜುನನಿಗೆ ಕೈಮುಗಿದು ಕೆಳಗೆ ನೋಡಿ. ನೀವು ನೋಡುತ್ತಿರುವುದು ಒಂದು ಹಳೆಯ ಪಟ್ಟಣ. 1954ರಲ್ಲಿ ಬಿ.ಕೆ. ಥಾಪರ್ ಇಲ್ಲಿ ಅಗೆಸಿದಾಗ ಒಂದರ ಮೇಲೊಂದು ನಾಲ್ಕು ಕಾಲದ ಪದರ ಸಿಕ್ಕವು: ಕಲ್ಲಿನ ಕೊಡಲಿಯ ಜೊತೆ ತಾಮ್ರವನ್ನೂ ಬಳಸುತ್ತಿದ್ದವರು, ಕಬ್ಬಿಣ ಬಲ್ಲವರು, ಆಮೇಲಿನ ರಾಜರ ಕಾಲದವರು, ಕೊನೆಗೆ ಮಧ್ಯಕಾಲದವರು. ಕಲ್ಯಾಣದ ಚಾಲುಕ್ಯರ ಕಾಲದ ಶಾಸನ ಈ ಊರನ್ನು 'ರಾಜಧಾನಿ ಪಿರಿಯ ಮೊಸಂಗಿ' ಎಂದು ಕರೆದಿದೆ. ರಾಜೇಂದ್ರ ಚೋಳ ಜಯಸಿಂಹನನ್ನು ಸೋಲಿಸಿದ್ದಾಗಿ ಹೇಳಿಕೊಳ್ಳುವ ಮುಸಂಗಿಯೂ ಇದೇ ಎಂದು ಹಲವು ಇತಿಹಾಸಕಾರರ ಮಾತು. ಹೊಲದಲ್ಲಿ ಮಣಿ, ಮಡಕೆ ಚೂರು ಕಂಡರೆ ಅಲ್ಲೇ ಬಿಡಿ. ಯಾವ ಪದರದಲ್ಲಿತ್ತು ಎನ್ನುವುದೇ ಅದರ ಬೆಲೆ. ಹಳೆಯ ದಿಬ್ಬದ ಮಣ್ಣನ್ನು ಟ್ರ್ಯಾಕ್ಟರಿಗೆ ತುಂಬಿ ಸಾಗಿಸಿದರೆ, ಆ ಪುಟ ಮತ್ತೆ ಓದಲು ಬರುವುದಿಲ್ಲ.

ಅಶೋಕ ಇಷ್ಟು ದೂರ ಯಾಕೆ ಬಂದ? ಚಿನ್ನ ಒಂದು ಕಾರಣ ಇರಬಹುದು. ಲಿಂಗಸುಗೂರು ತಾಲೂಕಿನ ಹಟ್ಟಿಯಲ್ಲಿ ಸುಮಾರು ಎರಡು ಸಾವಿರ ವರ್ಷ ಹಿಂದೆಯೇ ಜನ ಆಳಕ್ಕೆ ಇಳಿದು ಚಿನ್ನ ತೆಗೆದ ಗುರುತುಗಳಿವೆ. ಬೀಡನ್ ಬಂದದ್ದೂ ಅದೇ ಆಸೆಗೇ ಅಲ್ಲವೇ. ಹಟ್ಟಿ ಗಣಿಯೊಳಗೆ ಅನುಮತಿ ಇಲ್ಲದೆ ಬಿಡುವುದಿಲ್ಲ, ಆ ಆಸೆ ಇಟ್ಟುಕೊಂಡು ಹೋಗಬೇಡಿ.

ಮಧ್ಯಾಹ್ನದ ಮೇಲೆ ಹೊತ್ತಿದ್ದರೆ ಲಿಂಗಸುಗೂರಿನಲ್ಲಿ ಊಟ ಮಾಡಿ ಮುದಗಲ್ಲಿಗೆ ಹೋಗಿ, ಸುಮಾರು 16 ಕಿಲೋಮೀಟರ್. ಕೃಷ್ಣಾ ತುಂಗಭದ್ರೆಗಳ ನಡುವಿನ ಈ ನೆಲಕ್ಕಾಗಿ ಬಹಮನಿ ಸುಲ್ತಾನರು, ವಿಜಯನಗರದವರು, ಬಿಜಾಪುರದ ಆದಿಲ್‌ಶಾಹಿಗಳು ಬಡಿದಾಡಿದ ಕೋಟೆ ಅದು. 1406ರ ಹೊತ್ತಿಗೆ ಇಲ್ಲಿನ ಅಕ್ಕಸಾಲಿಗನ ಮಗಳಿಗಾಗಿ ಒಂದನೇ ದೇವರಾಯ ದಂಡು ಕಳಿಸಿದ ಎಂಬ ಕಥೆಯನ್ನು ಫೆರಿಷ್ತಾ ಬರೆದಿದ್ದಾನೆ. ಅವನು ಬರೆದದ್ದು ಇನ್ನೂರು ವರ್ಷ ಆದ ಮೇಲೆ, ಹಾಗಾಗಿ ಸ್ವಲ್ಪ ಉಪ್ಪು ಖಾರ ಸೇರಿರಬಹುದು. ಮೊಹರಂನಲ್ಲಿ ಹಿಂದೂ ಮುಸ್ಲಿಮರಿಬ್ಬರೂ ಸೇರುತ್ತಾರೆ, ನೋಡಲೇಬೇಕು. ಆದರೆ ಆ ದಿನಗಳಲ್ಲಿ ಕೋಟೆ ಸಾವಕಾಶ ನೋಡಲು ಆಗದು. ಹಬ್ಬ ವರ್ಷ ವರ್ಷ ಹತ್ತು ಹನ್ನೊಂದು ದಿನ ಮುಂಚೆ ಬರುವುದರಿಂದ ದಿನ ಕೇಳಿಕೊಂಡು ಹೊರಡಿ.

ಸಿಂಧನೂರು–ಲಿಂಗಸುಗೂರು ಬಸ್ಸುಗಳು ಮಸ್ಕಿ ಮೇಲೇ ಹಾಯುತ್ತವೆ, ಎರಡೂ ಕಡೆಯಿಂದ ಹೆಚ್ಚೂಕಡಿಮೆ ನಡುವೆ. ಹೆಣ್ಣುಮಕ್ಕಳು ಆಧಾರ್ ಕಾರ್ಡ್ ಮರೆಯಬೇಡಿ, ಸಾಮಾನ್ಯ ಸರ್ಕಾರಿ ಬಸ್ಸಿಗೆ ಟಿಕೆಟ್ ದುಡ್ಡಿಲ್ಲ. ಮುದಗಲ್ಲಿನಲ್ಲಿ ಇಳಿದ ಕೂಡಲೇ ವಾಪಸ್ಸಿನ ಕೊನೆ ಬಸ್ಸು ಎಷ್ಟೊತ್ತಿಗೆ ಎಂದು ಕಂಡಕ್ಟರನ್ನೇ ಕೇಳಿ. ಶಾಲಾ ಪ್ರವಾಸದವರಾದರೆ ಮಸ್ಕಿಯನ್ನು ಹೋಗುವಾಗಲೇ ನೋಡಿ.