ಗುಡಿಯಷ್ಟೇ ಹಳೆಯ ಹೊಂಡಗಳು

ಹಂಪಿಯ ಬಂಡೆಗಳನ್ನು ಕರಗಿಸಿ ಅಚ್ಚು ಹೊಯ್ದರು, ಹೊಯ್ಸಳರ ಕಂಬಗಳಿಗೆ ಈಗ ಕಳೆದುಹೋಗಿರುವ ಯಾವುದೋ ಮಹಾಯಂತ್ರವಿತ್ತು ಎಂದೆಲ್ಲ ಹೇಳುವ ವಿಡಿಯೊಗಳಿಗೆ ನೋಡುಗರ ಬರವಿಲ್ಲ. ಸಿಟ್ಟಾಗಿ ಪ್ರಯೋಜನವಿಲ್ಲ. ಗುಡಿಯ ಶೈಲಿ, ಕಾಲ, ದಾನಶಾಸನಗಳ ಬಗ್ಗೆ ರಾಶಿ ರಾಶಿ ಬರೆದ ನಾವು ಪುರಾತತ್ತ್ವಜ್ಞರು, ಕಲ್ಲು ಎಲ್ಲಿಂದ ಎದ್ದು ಬಂತು ಎಂಬುದನ್ನು ಅಡಿಟಿಪ್ಪಣಿಗೆ ತಳ್ಳಿದ್ದೇವೆ. ಖಾಲಿ ಬಿಟ್ಟ ಜಾಗದಲ್ಲಿ ಕಟ್ಟುಕತೆ ಬೆಳೆಯದೆ ಇನ್ನೇನು?

ಆರಂಭವೇನೋ ಚೆನ್ನಾಗಿಯೇ ಇತ್ತು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 19ನೇ ಶತಮಾನದಲ್ಲೇ ಬಳ್ಳಾರಿ ಬಳಿಯ ಕುಪ್ಪಗಲ್ಲಿನಲ್ಲಿ ಕಲ್ಲುಕೊಡಲಿ ಮಾಡುತ್ತಿದ್ದ ನೆಲೆಯನ್ನು ಗುರುತಿಸಿದ್ದ. 1948ರಲ್ಲಿ ಬೆಂಡಪುಡಿ ಸುಬ್ಬರಾವ್ ಬಳ್ಳಾರಿಯ ಶಿಲಾಯುಗದ ಬಗ್ಗೆ ಪುಸ್ತಕ ತಂದರು. ಆಮೇಲಿನ ಎರಡು ದಶಕ ಮಡಕೆಚೂರುಗಳ ಕಾಲ. ಕಲ್ಲು ತೆಗೆದ ಜಾಗ ಯಾರಿಗೂ ಬೇಕಾಗಲಿಲ್ಲ.

ದಿಕ್ಕು ಬದಲಾದದ್ದು ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರಿಂದ. ಅಗೆಯುವ ಮೊದಲು ನಡೆಯಬೇಕು ಎಂಬುದು ಅವರ ಪಂಥ, ನಮ್ಮ ತಲೆಮಾರಿನ ಹಲವರು ಕಲಿತದ್ದೂ ಅದನ್ನೇ. ಸುರಪುರ ಸೀಮೆಯ ಹುಣಸಗಿ ಕಣಿವೆಯನ್ನು ಹೊಲ ಹೊಲವಾಗಿ ಸುತ್ತಿದ ಅವರಿಗೆ 1983ರಲ್ಲಿ ಇಸಾಂಪುರ ಸಿಕ್ಕಿತು. 1997ರಿಂದ ನಡೆದ ಉತ್ಖನನದಲ್ಲಿ ಅದು ಸುಮಾರು 12 ಲಕ್ಷ ವರ್ಷ ಹಿಂದಿನ ಕಲ್ಲುಗಣಿ ಎಂದು ತಿಳಿಯಿತು. ಅಲ್ಲಿನ ಸುಣ್ಣಕಲ್ಲು ತಾನಾಗಿಯೇ ಹಾಸುಹಾಸಾಗಿ ಬಿರಿದು ಕೈಗೆ ಒದಗುತ್ತದೆ. ಆದಿಮಾನವರು ಬೇರೆಡೆಯ ಗಟ್ಟಿ ಕಲ್ಲನ್ನು ಸುತ್ತಿಗೆಯಾಗಿ ತಂದು, ಹಾಸಿನ ಅಂಚು ಹೊಡೆದು ಕೈಗೊಡಲಿ ಮಾಡಿದರು. ಸುತ್ತಿಗೆ, ಚಕ್ಕೆ, ಅರ್ಧಕ್ಕೆ ಬಿಟ್ಟ ಆಯುಧ ಎಲ್ಲವೂ ಒಟ್ಟಿಗೇ ಉಳಿದಿವೆ. ಆಯುಧಗಳನ್ನು ಬರೀ ಆಕಾರದ ಮೇಲೆ ವಿಂಗಡಿಸುವವರಿಗೆ ಇಸಾಂಪುರ ಇವತ್ತಿಗೂ ಪೂರ್ತಿ ಅರಗಿಲ್ಲ.

2000ದ ನಂತರ ರವಿ ಕೋರಿಶೆಟ್ಟರ್, ನಿಕೋಲ್ ಬೋಯಿವಿನ್ ಮತ್ತಿತರರು ಬಳ್ಳಾರಿ ಬಳಿಯ ಸಂಗನಕಲ್ಲು–ಕುಪ್ಪಗಲ್ಲಿನಲ್ಲಿ, ಕಲ್ಲನ್ನು ಎಲ್ಲಿ, ಹೇಗೆ ತೆಗೆದರು ಎಂಬ ಇದೇ ಪ್ರಶ್ನೆ ಕೇಳಿದರು. ಅಲ್ಲಿನ ಹಿರೇಗುಡ್ಡದ ಕಪ್ಪು ಡಾಲರೈಟ್ ಏಣಿನಿಂದ ಕಲ್ಲು ಎತ್ತುವುದು, ಚಕ್ಕೆ ಎಬ್ಬಿಸುವುದು, ಕೊಡಲಿ ಉಜ್ಜುವುದು, ಹೀಗೆ ಕೆಲಸದ ಒಂದೊಂದು ಹಂತವನ್ನೂ ಬಿಡಿಸಿಟ್ಟರು. ಅವರು ದಾಖಲಿಸುತ್ತಿದ್ದ ಗುಡ್ಡಕ್ಕೇ ಹೊಸ ಗಣಿಗಾರಿಕೆಯ ಕುತ್ತು ಬಂದದ್ದನ್ನೂ ಬರೆದರು.

ಇತಿಹಾಸ ಕಾಲಕ್ಕೆ ಬಂದರೆ ಕೆಲಸ ತೆಳ್ಳಗಾಗುತ್ತದೆ. ಪಟ್ಟದಕಲ್ಲಿನ ವಿರೂಪಾಕ್ಷ ಗುಡಿಯ ಶಾಸನ ಅದನ್ನು ಕಟ್ಟಿದ ಶಿಲ್ಪಿ ಗುಂಡ ಅನಿವಾರಿತಾಚಾರಿಯನ್ನು ಹೊಗಳುವುದು ಎಲ್ಲರಿಗೂ ಗೊತ್ತು. ಅಲ್ಲೇ ಸಮೀಪದ ಶಂಕರಲಿಂಗನ ಗುಂಡಿನಲ್ಲಿ ಕಲ್ಲು ತೆಗೆದವರು ಬಂಡೆಯ ಮೇಲೆ ಕೊರೆದುಹೋದ ಹೆಸರುಗಳನ್ನು ನೋಡಿದವರು ಕಡಿಮೆ. ಹಂಪಿಯಲ್ಲಿ ಕಾರ್ಲಾ ಸಿನೊಪೊಲಿ ಮತ್ತು ಕ್ಯಾಥ್ಲೀನ್ ಮಾರಿಸನ್ 1988ರಿಂದ ನಡೆಸಿದ ಸಮೀಕ್ಷೆ ಕೋಟೆಯಾಚೆಗೆ ನಡೆದು 700ಕ್ಕೂ ಹೆಚ್ಚು ನೆಲೆಗಳನ್ನು ದಾಖಲಿಸಿತು. ಕೆರೆ, ದಾರಿಗಳ ಸಮಕ್ಕೆ ಕಲ್ಲುಗಣಿಗೂ ಅದರಲ್ಲಿ ಜಾಗ ಸಿಕ್ಕಿತು. ಅದನ್ನು ಮುಂದುವರಿಸಬೇಕಿತ್ತು, ನಾವು ಅರಮನೆಯ ತಳಪಾಯಕ್ಕೇ ಮರಳಿದೆವು.

ಹಂಪಿಯ ಯಾವ ಬಂಡೆಯ ಬಳಿ ನಿಂತರೂ ಓದಲು ಬೇಕಾದಷ್ಟಿದೆ. ಒಂದೇ ಗೆರೆಯಲ್ಲಿ ಚೌಕದ ಗುಳಿಗಳ ಸಾಲು. ಸೀಳಿದ ಮುಖದಲ್ಲಿ ಗುಳಿಗಳ ಅರ್ಧ ಮಾತ್ರ. ಸಾಲಿಗೆ ಬೆಣೆ ಕೂರಿಸಿ, ಒಂದಾದ ಮೇಲೊಂದಕ್ಕೆ ಸುತ್ತಿಗೆ ಪೆಟ್ಟು ಕೊಡುತ್ತ ಹೋದರೆ ಬಿರುಕು ಗುಳಿಯಿಂದ ಗುಳಿಗೆ ಹರಿದು ಬಂಡೆ ಎರಡಾಗುತ್ತದೆ. ಗೆರೆ ತಪ್ಪಿ ಸೀಳಿದ್ದರಿಂದ ಕೈಬಿಟ್ಟ ಚಪ್ಪಡಿಗಳೂ ಪಕ್ಕದಲ್ಲೇ ಬಿದ್ದಿವೆ. ಕರಗಿಸಿ ಹೊಯ್ಯುವವನಿಗೆ ಗುಳಿ ಯಾಕೆ, ಕೆಟ್ಟ ಚಪ್ಪಡಿ ಯಾಕೆ?

ಇದನ್ನು ನಮಗಿಂತ ಸಲೀಸಾಗಿ ಓದಬಲ್ಲವರು ಕಲ್ಲು ಒಡೆದೇ ಬದುಕಿದ ಭೋವಿ ಹಿರಿಯರು. ಬಂಡೆಯ ಎಳೆ ಎತ್ತ ಹರಿಯುತ್ತದೆ, ಉಳಿಯ ಮೊನೆ ಎಷ್ಟು ಪೆಟ್ಟಿಗೆ ಮೊಂಡಾಗುತ್ತದೆ, ಕುಲುಮೆ ಎಷ್ಟು ಹತ್ತಿರ ಇರಬೇಕು ಎಂಬ ಅವರ ತಿಳಿವಳಿಕೆ ನಮ್ಮ ವರದಿಗಳಲ್ಲಿ ‘ಸ್ಥಳೀಯ ಕೂಲಿಗಳು’ ಎಂಬಲ್ಲಿಗೆ ಮುಗಿಯುತ್ತದೆ. ಹೊಯ್ಸಳರ ಬಳಪದ ಕಲ್ಲಿನ ಹೊಂಡಗಳದ್ದೂ ಇದೇ ಪಾಡು: ಶಿಲ್ಪಿ ಮಲ್ಲಿತಮ್ಮನ ಅಂಕಿತಕ್ಕೆ ಸಿಕ್ಕ ಗಮನದ ಒಂದು ಪಾಲೂ ಅವಕ್ಕೆ ಸಿಕ್ಕಿಲ್ಲ.

ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧ, ಅದರಾಚೆ 200 ಮೀಟರ್ ನಿಯಂತ್ರಣ ಎನ್ನುತ್ತದೆ ಕಾನೂನು. ಗುಡಿಯ ಕಲ್ಲು ಬಂದ ಹೊಂಡ ಎಷ್ಟೋ ಕಡೆ ಮೈಲುಗಟ್ಟಲೆ ದೂರ. ಅಲ್ಲಿಗೆ ಕ್ರಷರ್ ಬಂದರೆ ತಡೆಯಲು ಒಂದು ನಕ್ಷೆಯೂ ನಮ್ಮ ಕೈಯಲ್ಲಿಲ್ಲ. ಗಣಿ ಗುತ್ತಿಗೆ ಕೊಡುವ ಮುನ್ನ ಉಳಿಯ ಗುರುತು ಓದಬಲ್ಲ ಒಬ್ಬ ಪುರಾತತ್ತ್ವಜ್ಞ, ಕಲ್ಲು ಬಲ್ಲ ಒಬ್ಬ ಭೋವಿ ಗುಡ್ಡ ಹತ್ತಿ ಇಳಿಯಲಿ. ತಾಲ್ಲೂಕಿಗೊಂದು ಪಟ್ಟಿ ಆಗಲಿ. ಇದಕ್ಕೆ ಉತ್ಖನನದಷ್ಟು ಹಣವೂ ಬೇಡ, ವರ್ಷಗಳೂ ಬೇಡ.