ಹಿಂದಿನ ಅಚ್ಚು, ಮುಂದಿನ ಅಚ್ಚು

“ಹಿಂದಕ್ಕೆ ಹಾಕ್ಸೋದಾ, ಮುಂದಕ್ಕಾ? ಎರಡಕ್ಕೂ ಹಾಕ್ಸೋವಷ್ಟು ದುಡ್ಡಿಲ್ಲ ಅಂತೀರಿ. ಯಾವುದಾದ್ರೂ ಒಂದು ಹೇಳಿ.”

ಶಿವಮೊಗ್ಗದ ಸವಳಂಗ ರಸ್ತೆಯ ಒಂದು ಗ್ಯಾರೇಜಿನಲ್ಲಿ ಮೇಸ್ತ್ರಿ ನನ್ನ ಅಣ್ಣನನ್ನು ಕೇಳಿದ ಪ್ರಶ್ನೆ ಇದು. ಅಣ್ಣ ನನ್ನ ಮುಖ ನೋಡಿದ. “ನೀನು ಮಲೆನಾಡಿನ ಸಾರಿಗೆ ಚರಿತ್ರೆ ಅಂತ ಪಿಎಚ್.ಡಿ. ಮಾಡ್ತಿದ್ದೀಯಲ್ಲ, ನೀನೇ ಹೇಳು” ಅಂದ. ಗೇಲಿಗೆ ಹೇಳಿದ್ದೇ. ಆದರೆ ನವುಲೆಯ ಕಡೆ ಇರುವ ನನ್ನ ಬಾಡಿಗೆ ಕೋಣೆಗೆ ಬಂದ ಮೇಲೂ ಆ ಮಾತು ತಲೆಯಿಂದ ಹೋಗಲಿಲ್ಲ.

ನಮ್ಮದು ಶರಾವತಿ ಮುಳುಗಡೆಯ ಕುಟುಂಬ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ತಿಯಾಗುವ ಹೊತ್ತಿಗೆ ಅಜ್ಜ ಹೊಳೆದಂಡೆಯ ಮನೆ ಬಿಟ್ಟು, ಹೊಸನಗರದ ಕಡೆಯ ಒಂದು ಕಣಿವೆಗೆ ಬಂದು ಮತ್ತೆ ತೋಟ ಎಬ್ಬಿಸಿದ. ಮಲೆನಾಡಿನ ತೋಟಗಳೆಲ್ಲ ಹಾಗೇ, ನೀರಿರುವ ತಗ್ಗಿನಲ್ಲಿ. ಮನೆಯಿಂದ ಟಾರು ರಸ್ತೆಗೆ ಮೂರು ಕಿಲೋಮೀಟರ್ ಮಣ್ಣಿನ ಏರು. ಹೋದ ವರ್ಷದ ಆಷಾಢದ ಒಂದು ರಾತ್ರಿ ಅಪ್ಪನಿಗೆ ಎದೆನೋವು ಬಂತು. ನಮ್ಮ ಹಳೆಯ ಎಂಎಂ 540 ಜೀಪಿನಲ್ಲಿ ಹೊರಟರೆ ಎರಡನೇ ತಿರುವಿನ ಕೊರಕಲಿನಲ್ಲಿ ಸಿಕ್ಕಿಕೊಂಡಿತು. ಹಿಂದಿನ ಎಡಚಕ್ರ ಕೆಸರಿನಲ್ಲಿ, ಮುಂದಿನ ಬಲಚಕ್ರ ಗಾಳಿಯಲ್ಲಿ. ಫೋರ್ ವೀಲ್ ಗೇರು ಹಾಕಿದ್ದರೂ ಈ ಎರಡು ಮಾತ್ರ ಗರಗರ ತಿರುಗಿದವು. ಗಟ್ಟಿ ನೆಲದ ಮೇಲಿದ್ದ ಇನ್ನೆರಡು ಸುಮ್ಮನಿದ್ದವು. ಕೊನೆಗೆ ಅಪ್ಪನನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ನಾಲ್ಕು ಜನ ಹೊತ್ತು ಮೇಲೆ ತಂದೆವು. ಅಪ್ಪ ಉಳಿದರು. ಆದರೆ ಆಸ್ಪತ್ರೆಯಲ್ಲಿ ಕೇಳಿದ “ಇಷ್ಟು ತಡ ಯಾಕೆ?” ಎಂಬ ಮಾತು ಅಣ್ಣನನ್ನು ಬಿಟ್ಟಿಲ್ಲ. ಈ ಸಲ ಅಡಿಕೆ ಮಾರಿದ ದುಡ್ಡಿನಲ್ಲಿ ಜೀಪಿಗೆ ಡಿಫರೆನ್ಷಿಯಲ್ ಲಾಕ್ ಹಾಕಿಸುತ್ತೇನೆಂದು ಹೊರಟವನು ಅವನೇ.

ಗಟ್ಟಿ ನೆಲದ ಮೇಲಿನ ಚಕ್ರ ಸುಮ್ಮನಿದ್ದುದೇಕೆ? ಇದಕ್ಕೆ ಉತ್ತರ ಹುಡುಕಲು ಎತ್ತಿನ ಗಾಡಿಯಿಂದ ಶುರುಮಾಡಬೇಕು.

ಎತ್ತಿನ ಗಾಡಿಯಲ್ಲಿ ಅಚ್ಚು ತಿರುಗುವುದಿಲ್ಲ, ಚಕ್ರ ತಿರುಗುತ್ತದೆ. ಎರಡು ಚಕ್ರಗಳಿಗೂ ಒಂದಕ್ಕೊಂದು ಸಂಬಂಧವಿಲ್ಲ. ಗಾಡಿ ತಿರುಗುವಾಗ ಹೊರಗಿನ ಚಕ್ರ ಹೆಚ್ಚು ದೂರ ಓಡುತ್ತದೆ, ಒಳಗಿನದು ಕಡಿಮೆ. ಎಷ್ಟು ಹೆಚ್ಚು ಎನ್ನುವುದಕ್ಕೆ ಸುಲಭದ ಲೆಕ್ಕವಿದೆ. ಚಕ್ರಗಳ ನಡುವಿನ ಅಂತರ 1.4 ಮೀಟರ್ ಇದ್ದರೆ, ಒಂದು ಪೂರ್ತಿ ಅರ್ಧವೃತ್ತದ ತಿರುವಿನಲ್ಲಿ ಹೊರಚಕ್ರ ಸುಮಾರು 4.4 ಮೀಟರ್ ಹೆಚ್ಚು ಸಾಗುತ್ತದೆ. ತಿರುವು ಅಗಲವಿರಲಿ, ಕಿರಿದಿರಲಿ, ಈ ಲೆಕ್ಕ ಬದಲಾಗುವುದಿಲ್ಲ. ಗಾಡಿಗೆ ಇದು ತೊಂದರೆಯೇ ಅಲ್ಲ. ಎಳೆಯುವುದು ಎತ್ತು, ಚಕ್ರವಲ್ಲ.

ಎರಡನೆಯದು ಭದ್ರಾವತಿಯ ಹಳಿ. ಬೆಂಕಿಪುರ ಎನ್ನಿಸಿಕೊಂಡಿದ್ದ ಊರಿನಲ್ಲಿ ಮೈಸೂರು ಸಂಸ್ಥಾನ 1918ರಲ್ಲಿ ಕಬ್ಬಿಣದ ಕಾರ್ಖಾನೆಯ ಕೆಲಸ ಶುರುಮಾಡಿತು. 1923ರಲ್ಲಿ ಕಬ್ಬಿಣ ಹರಿಯಿತು. ಕಲ್ಲಿದ್ದಲಿಲ್ಲದ ನಾಡು, ಹಾಗಾಗಿ ಕುಲುಮೆಗೆ ಹಾಕಿದ್ದು ಸುತ್ತಲಿನ ಕಾಡಿನ ಮರ ಸುಟ್ಟ ಇದ್ದಿಲು. ಅದಿರು ಕೆಮ್ಮಣ್ಣುಗುಂಡಿಯದು. ಇವನ್ನೆಲ್ಲ ಹೊತ್ತು ತರಲು ಕಾಡಿನೊಳಗೆ ಕಿರು ರೈಲು ಹಳಿಗಳು ಬಂದವು. ರೈಲಿನ ಚಕ್ರ ಗಾಡಿಯ ಚಕ್ರಕ್ಕೆ ತದ್ವಿರುದ್ಧ. ಎರಡು ಚಕ್ರಗಳನ್ನೂ ಒಂದೇ ಅಚ್ಚಿಗೆ ಬಿಗಿದಿರುತ್ತಾರೆ. ಒಂದು ಸುತ್ತಿದಷ್ಟೇ ಇನ್ನೊಂದೂ ಸುತ್ತಬೇಕು. ಇಂದಿನ ಭಾಷೆಯಲ್ಲಿ ಹೇಳುವುದಾದರೆ ಅದು ಹುಟ್ಟಿನಿಂದಲೇ ‘ಲಾಕ್’ ಆದ ಅಚ್ಚು. ತಿರುವಿನಲ್ಲಿ ಅದನ್ನು ಕಾಪಾಡುವುದು ಚಕ್ರದ ಅಂಚಿನ ಓರೆ. ಹೊರಗಿನ ಚಕ್ರ ತನ್ನ ದಪ್ಪ ಭಾಗದ ಮೇಲೆ, ಒಳಗಿನದು ಸಣ್ಣ ಭಾಗದ ಮೇಲೆ ಉರುಳುತ್ತದೆ. ತಿರುವು ಕಡಿದಾದರೆ ಇದೂ ಸಾಲದೆ ಚಕ್ರ ಹಳಿಯನ್ನು ಉಜ್ಜಿ ಕಿರುಚುತ್ತದೆ.

ಗಾಡಿಯದು ಪೂರ್ತಿ ಬಿಡುಗಡೆ, ರೈಲಿನದು ಪೂರ್ತಿ ಬಿಗಿ. ಎಂಜಿನ್ ಇರುವ ರಸ್ತೆ ವಾಹನಕ್ಕೆ ಎರಡೂ ಒಗ್ಗುವುದಿಲ್ಲ. ಚಕ್ರವೇ ತಳ್ಳಬೇಕು, ಜೊತೆಗೆ ತಿರುವಿನಲ್ಲಿ ಬೇರೆಬೇರೆ ವೇಗದಲ್ಲಿ ಓಡಲೂ ಬೇಕು. ಇದನ್ನು ಬಿಡಿಸಿದವನು ಗಡಿಯಾರದ ಕೆಲಸ ಬಲ್ಲ ಫ್ರೆಂಚರವನು, ಒನೆಸಿಫೋರ್ ಪೆಕ್ಕರ್. 1820ರ ದಶಕದ ಕೊನೆಯಲ್ಲಿ ಉಗಿಬಂಡಿಗೆಂದು ಅವನು ಪೇಟೆಂಟ್ ಪಡೆದ ಹಲ್ಲುಚಕ್ರಗಳ ಜೋಡಣೆಯೇ ಇಂದಿನ ಡಿಫರೆನ್ಷಿಯಲ್‌ನ ಪೂರ್ವಜ. ಅದರ ಧರ್ಮ ಒಂದೇ: ಎರಡು ಚಕ್ರಗಳಿಗೂ ಸಮನಾದ ಬಲ ಹಂಚುವುದು. ಕೇಳಲು ನ್ಯಾಯವಾಗಿದೆ. ಆದರೆ ಕೆಸರಿನಲ್ಲಿರುವ ಚಕ್ರ ನೂರು ಪಾಲು ಬಲವನ್ನಷ್ಟೇ ತಡೆದುಕೊಳ್ಳಬಲ್ಲದು ಎಂದಾದರೆ, ಬಂಡೆಯ ಮೇಲಿರುವ ಚಕ್ರಕ್ಕೂ ನೂರೇ ಪಾಲು. ಗಾಳಿಯಲ್ಲಿರುವುದಕ್ಕೆ ಸೊನ್ನೆ ಎಂದಾದರೆ ಇನ್ನೊಂದಕ್ಕೂ ಸೊನ್ನೆ. ಅಪ್ಪನನ್ನು ಕೂರಿಸಿಕೊಂಡಿದ್ದ ಜೀಪು ನಿಂತದ್ದು ಈ ಸಮಾನತೆಯಿಂದ.

ಎರಡನೇ ಮಹಾಯುದ್ಧದ ವಿಲ್ಲಿಸ್ ಜೀಪಿಗೂ ಮುಂದೆ ಹಿಂದೆ ಇದ್ದದ್ದು ಇಂಥ ತೆರೆದ ಡಿಫರೆನ್ಷಿಯಲ್ಲೇ. ಸ್ವಾತಂತ್ರ್ಯದ ಆಸುಪಾಸಿನಲ್ಲಿ ಮಹೀಂದ್ರಾದವರು ಅದನ್ನು ಮುಂಬಯಿಯಲ್ಲಿ ಜೋಡಿಸತೊಡಗಿದರು. ಅದರ ಸಂತತಿ ಮಲೆನಾಡಿಗೆ ಬಂದು ಕಾಫಿ ಹೊತ್ತಿತು, ಅಡಿಕೆ ಹೊತ್ತಿತು, ಮದುವೆ ದಿಬ್ಬಣ ಹೊತ್ತಿತು, ಕೊಡಚಾದ್ರಿಗೆ ಯಾತ್ರಿಕರನ್ನು ಹೊತ್ತಿತು. ಚಕ್ರ ಹೂತರೆ ಕಲ್ಲು, ಸರಪಳಿ, ಜ್ಯಾಕು, ಹತ್ತು ಜನರ ಹೆಗಲು. ನಮ್ಮೂರಿನ ‘ಲಾಕ್’ ಅದೇ ಆಗಿತ್ತು.

ಆದರೆ ನಿಜವಾದ ಲಾಕ್ ಕೂಡ ನಮ್ಮ ನಡುವೆ ಬಹಳ ಹಿಂದೆಯೇ ಇತ್ತು. ಗದ್ದೆಗಿಳಿಯುವ ಟ್ರ್ಯಾಕ್ಟರಿನ ಚಾಲಕನ ಕಾಲಬುಡದಲ್ಲಿ ಒಂದು ಸಣ್ಣ ಪೆಡಲ್ ಇರುತ್ತದೆ. ಒಂದು ದೊಡ್ಡ ಚಕ್ರ ಹೂತು ಸುತ್ತತೊಡಗಿದರೆ ಅದನ್ನು ಒತ್ತುತ್ತಾನೆ. ಎರಡೂ ಹಿಂಚಕ್ರಗಳು ರೈಲಿನ ಚಕ್ರಗಳಂತೆ ಒಂದಾಗಿ ಟ್ರ್ಯಾಕ್ಟರು ಮೇಲೇಳುತ್ತದೆ. ಗಟ್ಟಿ ನೆಲಕ್ಕೆ ಬಂದೊಡನೆ ಕಾಲು ತೆಗೆಯುತ್ತಾನೆ. ತೆಗೆಯದೆ ತಿರುಗಿಸಿದರೆ ಏನಾಗುತ್ತದೆಂದು ಅವನಿಗೆ ಯಾರೂ ಪಾಠ ಮಾಡಬೇಕಿಲ್ಲ. ಬೇಕಾದಾಗ ರೈಲು, ಬೇಡವಾದಾಗ ಡಿಫರೆನ್ಷಿಯಲ್: ಲಾಕರ್ ಎಂದರೆ ಇಷ್ಟೇ.

ಹಾಗಾದರೆ ಹಿಂದೆಯೋ, ಮುಂದೆಯೋ?

ಮುಂದಿನದಕ್ಕೆ ಒಳ್ಳೆಯ ವಾದಗಳಿವೆ. ಮುಂಚಕ್ರಗಳು ಗಾಡಿಯನ್ನು ಎಳೆಯುತ್ತವೆ, ಮೆಟ್ಟಿಲಿನಂಥ ಬಂಡೆ ಎದುರಾದರೆ ಮೂತಿಯನ್ನು ಎತ್ತಿ ಹತ್ತಿಸುತ್ತವೆ. ಓರೆನೆಲದಲ್ಲಿ ಹಿಂದಿನ ಲಾಕ್ ಹಾಕಿ ಒತ್ತಿದರೆ ಎರಡೂ ಹಿಂಚಕ್ರ ಒಟ್ಟಿಗೆ ಜಾರಿ ಬಾಲ ಕಣಿವೆಯ ಕಡೆ ಸರಿಯುವ ಅಪಾಯವಿದೆ. ಹಿಮ್ಮುಖವಾಗಿ ಏರು ಹತ್ತುವಾಗಲಂತೂ ಭಾರ ಬೀಳುವುದೇ ಮುಂದಿನ ಅಚ್ಚಿನ ಮೇಲೆ. ಆದರೆ ಅದಕ್ಕೆ ತೆರಬೇಕಾದ ಬೆಲೆ ಸ್ಟೀರಿಂಗು. ಮುಂದಿನ ಅಚ್ಚು ಲಾಕ್ ಆದರೆ ಜೀಪು ನೆಟ್ಟಗೇ ಹೋಗಲು ಹಟಮಾಡುತ್ತದೆ. ಚಕ್ರ ಪೂರ್ತಿ ತಿರುಗಿಸಿದ ಸ್ಥಿತಿಯಲ್ಲಿ ಎಲ್ಲ ಬಲವೂ ಒಂದೇ ಕಡೆಗೆ ಹರಿದರೆ ಮುಂದಿನ ಯುನಿವರ್ಸಲ್ ಜಾಯಿಂಟು ಮುರಿಯಬಹುದು. ನಮ್ಮ ದಾರಿಯಲ್ಲಿ ಏಳು ಹಿಮ್ಮುರಿ ತಿರುವುಗಳಿವೆ.

ಹಿಂದಿನದರ ವಾದ ಭಾರದ್ದು. ಸಮನೆಲದಲ್ಲಿ ಹಿಂದೆ ಮುಂದೆ ಅರ್ಧರ್ಧ ಇರುವ ಭಾರ, 20 ಡಿಗ್ರಿ ಏರಿನಲ್ಲಿ ಹೆಚ್ಚೂಕಡಿಮೆ 60ಕ್ಕೆ 40 ಆಗಿ ಹಿಂದಕ್ಕೆ ವಾಲುತ್ತದೆ. ಹಿಂದಿನ ಸೀಟಿನಲ್ಲಿ ಮನುಷ್ಯರೋ ಅಡಿಕೆ ಮೂಟೆಯೋ ಇದ್ದರೆ ಇನ್ನೂ ಹೆಚ್ಚು. ಭಾರವಿದ್ದಲ್ಲಿ ಹಿಡಿತ, ಹಿಡಿತವಿದ್ದಲ್ಲಿ ಬಲ ಸಾರ್ಥಕ. ಮೊದಲ ಮರ್ಸಿಡಿಸ್ ಜಿ ವ್ಯಾಗನ್ 1979ರಲ್ಲೇ ಎರಡೂ ಕಡೆಯ ಲಾಕ್‌ಗೆ ಅವಕಾಶ ಕೊಟ್ಟಿತ್ತು, ನಮ್ಮ ದೇಶದ ಫೋರ್ಸ್ ಗೂರ್ಖಾ ಕೂಡ ಎರಡನ್ನೂ ಕೊಟ್ಟಿತು. ಒಂದೇ ಕೊಟ್ಟ ಥಾರ್ ಹಿಂದಿನ ಅಚ್ಚನ್ನೇ ಆರಿಸಿಕೊಂಡಿತು, ಟ್ರ್ಯಾಕ್ಟರಿನ ಹಾಗೆ.

ಆದರೆ ನನಗೆ ಉತ್ತರ ಸಿಕ್ಕಿದ್ದು ಈ ವಾಹನಗಳಿಂದಲ್ಲ, ನಮ್ಮ ಊರಿನ ನಕಾಶೆಯಿಂದ. ತೋಟ ತಗ್ಗಿನಲ್ಲಿದೆ, ಲೋಕ ಮೇಲಿದೆ. ಅಡಿಕೆ ಮೇಲಕ್ಕೆ ಹೋಗುತ್ತದೆ, ಶಾಲೆಗೆ ಮಕ್ಕಳು ಮೇಲಕ್ಕೆ ಹೋಗುತ್ತಾರೆ, ಬಸುರಿಯರು, ಬಾಣಂತಿಯರು, ಎದೆನೋವಿನವರು ಮೇಲಕ್ಕೇ ಹೋಗಬೇಕು. ಇಳಿಯುವಾಗ ಜೀಪು ಹೆಚ್ಚಾಗಿ ಖಾಲಿ, ಅವಸರವೂ ಇಲ್ಲ. ನೀರು ನುಗ್ಗಿ ಅಜ್ಜನನ್ನು ಈ ಕಣಿವೆಗೆ ತಳ್ಳಿದ ದಿನವೇ ಹಿಂದಿನ ಅಚ್ಚು ಎಂದು ನಿರ್ಧಾರವಾಗಿತ್ತು.

ಇನ್ನೊಂದು ಲಾಭವನ್ನು ಮೇಸ್ತ್ರಿ ಹೇಳಿದರು. ಸುತ್ತುವ ಚಕ್ರ ಗರಗಸದಂತೆ ದಾರಿಯನ್ನು ಕೊರೆಯುತ್ತದೆ. ಆ ಕೊರಕಲಿನಲ್ಲಿ ಮಳೆನೀರು ಹರಿದು ಮುಂದಿನ ವರ್ಷಕ್ಕೆ ಅದು ಹಳ್ಳ. ಲಾಕ್ ಇದ್ದರೆ ನಿಧಾನಕ್ಕೆ, ಸುತ್ತದೆ ಹತ್ತಬಹುದು. ನಾವು ಬೈಯುತ್ತಿದ್ದ ಆ ಕೊರಕಲನ್ನು ತೋಡಿದ್ದರಲ್ಲಿ ನಮ್ಮ ಜೀಪಿನ ಪಾಲೂ ಇತ್ತು.

ಬಿಡಿಭಾಗ ಬಂದ ದಿನ ಗ್ಯಾರೇಜಿಗೆ ಹೋದೆ. ಹಿಂದಿನ ಹೌಸಿಂಗ್ ಬಿಚ್ಚಿ, ಹಳೆಯ ಹಲ್ಲುಚಕ್ರಗಳನ್ನು ಡೀಸೆಲಿನಲ್ಲಿ ತೊಳೆದು ಬಟ್ಟೆಯ ಮೇಲಿಟ್ಟಿದ್ದರು. ಒಂದನ್ನು ಕೈಗೆತ್ತಿಕೊಂಡೆ. ಇಂಥ ಹಲ್ಲುಗಳಿಗೆ ಬೇಕಾದ್ದು ಮಿಶ್ರಲೋಹದ ಉಕ್ಕು. ಇದ್ದಿಲಿನಿಂದ ಶುರುವಾದ ಭದ್ರಾವತಿ ಮುಂದೆ ಹೆಸರು ಮಾಡಿದ್ದು ಅಂಥ ಉಕ್ಕಿನಲ್ಲೇ. ಆ ಕಾರ್ಖಾನೆಯನ್ನು ಮುಚ್ಚುವ ಸುದ್ದಿ 2023ರ ಜನವರಿಯಲ್ಲಿ, ಮೊದಲ ಕಬ್ಬಿಣ ಹರಿದು ಸರಿಯಾಗಿ ನೂರು ವರ್ಷಕ್ಕೆ, ಬಂತು. ಕಾರ್ಮಿಕರು ಬೀದಿಗಿಳಿದರು.

ಜೂನ್ ಮೊದಲ ಮಳೆಗೆ ಅಣ್ಣ ಫೋನ್ ಮಾಡಿದ. ಎರಡನೇ ತಿರುವಿನಲ್ಲಿ ಲಾಕ್ ಹಾಕಿದನಂತೆ, ಜೀಪು ಒಮ್ಮೆ ನಡುಗಿ ಹತ್ತಿತಂತೆ. ಹಿಂದಿನ ಸೀಟಿನಲ್ಲಿ ಅಪ್ಪ ಇದ್ದರು, ತಪಾಸಣೆಗೆ ಹೊರಟಿದ್ದರು. “ಏನಂದ್ರು?” ಎಂದು ಕೇಳಿದೆ.

“ಏನಿಲ್ಲ. ನಿದ್ದೆ ಮಾಡ್ತಿದ್ರು.”