ಹೊಲಸು ಬಾಯಿ ಯಾರದು?

ದಲಿತರ ಬಾಯಲ್ಲಿ ಮಾತೆತ್ತಿದರೆ ಬೈಗುಳ ಅಂತಾರೆ. ಚರಿತ್ರೆಯನ್ನೇ ಕೇಳೋಣ. ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂದು 1973ರಲ್ಲಿ ಹೇಳಿದ್ದಕ್ಕೆ ಬಿ. ಬಸವಲಿಂಗಪ್ಪ ಮಂತ್ರಿಗಿರಿ ಕಳಕೊಂಡರು. ದಲಿತ ವಿದ್ಯಾರ್ಥಿಗಳು ಏಟು ತಿಂದರು. ದನದ ಮೇವಿನ ಹೆಸರೊಂದಕ್ಕೆ ಇಷ್ಟು ಶಿಕ್ಷೆ! 1975ರಲ್ಲಿ ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಬಂದಾಗ, ಬೈಗುಳವೂ ಕಾವ್ಯವೇ ಎಂದು ಮಡಿವಂತರು ಮೂಗು ಮುರಿದರು.

ಆದರೆ ನಮ್ಮ ಜಾತಿಯ ಹೆಸರನ್ನೇ ಬೈಗುಳ ಮಾಡಿಕೊಂಡು ದಿನಾ ಆಡುತ್ತಿದ್ದ ಒಡೆಯರ ಬಾಯನ್ನು ಯಾರೂ ಹೊಲಸು ಅನ್ನಲಿಲ್ಲ. ಅದು ಗತ್ತು! ಸೋಗಾನೆಗೆ ಹತ್ತಿರದ ಭದ್ರಾವತಿಯಲ್ಲಿ ಮೇಷ್ಟ್ರಾಗಿದ್ದ ಬಿ. ಕೃಷ್ಣಪ್ಪನವರು ಕಟ್ಟಿದ ದಲಿತ ಸಂಘರ್ಷ ಸಮಿತಿ ಈ ಗತ್ತನ್ನು ಪ್ರಶ್ನಿಸಿತು. 1989ರ ದೌರ್ಜನ್ಯ ತಡೆ ಕಾಯ್ದೆ ಅವಮಾನವನ್ನು ಅಪರಾಧವೆಂದಿತು. ಜಾತಿ ಹೆಸರಿಡಿದು ಬೈಯುವುದನ್ನು ಬಿಡಿಸಿ ಬರೆದದ್ದು 2015ರ ತಿದ್ದುಪಡಿ. ನಮಗೆ ಬಾಯಿ ತೊಳಕೊಳ್ಳಿ ಅನ್ನುವವರು ಮೊದಲು ಈ ಲೆಕ್ಕ ನೋಡಲಿ.